ನೆಲಗುಳ್ಳದ ಹೊಗೆ

ಬಸುರಿಯಾದ ತಮ್ಮನ ಮಗಳ ಕುಬಸಕ್ಕೆಂದು ಈ ಬೇಸಿಗೆಯ ಆರಂಭದಲ್ಲಿ ಊರಿಗೆ ಹೋಗಿದ್ದೆ. ಜೇವರ್ಗಿಯಿಂದ ಬಸ್ಸು ಬದಲಿಸುತ್ತ ಅಫಜಲಪುರ ದಾಟಿ, ಕ್ರಾಸಿನಲ್ಲಿ ಇಳಿದು, ಟಾರು ರಸ್ತೆ ಬಿಟ್ಟು ಹೊಳೆದಂಡೆಯ ಕಾಲುದಾರಿ ಹಿಡಿದೆ. ರಸ್ತೆಯಲ್ಲೇ ಹೋಗಿದ್ದರೆ ಯಾರಾದರೂ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದರು. ನನ್ನ ಮೊಣಕಾಲು ಮೊದಲಿನಂತಿಲ್ಲ. ಆದರೂ ಊರಿಗೆ ಹೋದಾಗಲೆಲ್ಲ ಮನೆ ಸ್ವಲ್ಪ ತಡವಾಗಿಯೇ ಸಿಗಲಿ ಅನಿಸುತ್ತದೆ.

ದಂಡೆಯ ಹೊಲದಲ್ಲಿ ಯಾರೋ ಕಸ ಕಿತ್ತು ಗುಡ್ಡೆ ಹಾಕಿ ಬೆಂಕಿ ಇಟ್ಟು ಹೋಗಿದ್ದರು. ಗಾಳಿ ನನ್ನ ಕಡೆಗೇ ಇತ್ತು. ಹೊಗೆ ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. ಆ ಕಸದಲ್ಲಿ ನೆಲಗುಳ್ಳ ಇತ್ತು. ಹೋಗಿ ನೋಡಬೇಕಾಗಿಯೇ ಇರಲಿಲ್ಲ. ಬದನೆಕಾಯಿ ಕೆಂಡದಲ್ಲಿ ಕರಕಾದಂತೆ, ಅದಕ್ಕೆ ಸ್ವಲ್ಪ ಮೆಣಸಿನಕಾಯಿ ಘಾಟು ಸೇರಿದಂತೆ ಒಂದು ವಾಸನೆ. ನನ್ನ ಸೀರೆಯಲ್ಲಿ, ಕೂದಲಲ್ಲಿ ವರ್ಷಗಟ್ಟಲೆ ಕೂತಿದ್ದ ವಾಸನೆ ಅದು.

ನೆಲಗುಳ್ಳ ಹೆಚ್ಚು ಜನರಿಗೆ ಗೊತ್ತಿಲ್ಲ. ಕಂಡವರೂ ಮುಳ್ಳು ಎಂದು ದೂರ ಸರಿದು ನಡೆಯುತ್ತಾರೆ. ಬದನೆಯ ಬಳಗದ್ದು. ಎಲೆ ಬದನೆಯದೇ, ಹೂವು ಬದನೆಯದೇ, ನೀಲಿ ನಡುವೆ ಹಳದಿ. ಆದರೆ ಬದನೆಯ ಹಾಗೆ ಎದ್ದು ನಿಲ್ಲುವುದಿಲ್ಲ. ನೆಲಕ್ಕೆ ಅಂಟಿಕೊಂಡು ಚಾಪೆಯಂತೆ ಹಬ್ಬುತ್ತದೆ. ಎಲೆಯ ಎರಡೂ ಮೈಗೆ ಸೂಜಿಯಂಥ ಮುಳ್ಳು. ಕಾಯಿ ಹಸಿರು, ಮೇಲೆ ಬಿಳಿ ಗೆರೆ. ಹಣ್ಣಾದಾಗ ಗೋಲಿಯಷ್ಟು ದಪ್ಪ, ಅರಿಶಿನದ ಬಣ್ಣ. ಹೊಳೆ ಇಳಿದ ಮೇಲೆ ಮರಳು ಮಣ್ಣು ಬೆರೆತ ದಂಡೆಯಲ್ಲಿ ಬೇರೇನೂ ಇಲ್ಲದಾಗ ಅದು ಇರುತ್ತದೆ. ದನ ಮುಟ್ಟುವುದಿಲ್ಲ, ಆಡು ಮುಟ್ಟುವುದಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಬೆಲೆ ಇತ್ತು. ನಮ್ಮವ್ವ ಹಲ್ಲುನೋವಿಗೆ ಹೊಗೆ ಹಾಕುತ್ತಿದ್ದಳು. ಆಕೆಯ ತವರು ಆಳಂದದ ಕಡೆಯ ಮಟಕಿ ಎಂಬ ಊರು. ಈ ವಿದ್ಯೆ ಅಲ್ಲಿಂದ ಬಂದದ್ದು. ಅಲ್ಲಿ ರಿಂಗಣಿ ಎಂದು ಕರೆಯುವ ಈ ಬಳ್ಳಿಯನ್ನು ಬದುವಿನಲ್ಲಿ ಹುಡುಕಿ ಹುಡುಕಿ ತರಬೇಕಿತ್ತಂತೆ. ಮದುವೆಯಾಗಿ ಭೀಮಾ ದಂಡೆಗೆ ಬಂದಾಗ ಹಾಸಿ ಬಿದ್ದಿದ್ದ ನೆಲಗುಳ್ಳ ನೋಡಿ, ತವರವರು ಏನು ಕೊಟ್ಟರೇನು, ದೇವರು ಇಷ್ಟು ಕೊಟ್ಟ ಎಂದಳಂತೆ.

ಹೊಗೆ ಹಾಕುವ ಬಗೆ ಹೀಗೆ. ಒಂದು ಬೋಗುಣಿಯಲ್ಲಿ ನೀರು. ನೀರಿನ ನಡುವೆ ಒಂದು ಕಲ್ಲು. ನೇಗಿಲಿನ ಮುರಿದ ಕುಳವನ್ನು ಕೆಂಪಗೆ ಕಾಸಿ ಆ ಕಲ್ಲಿನ ಮೇಲೆ ಇಡಬೇಕು. ನೆಲಗುಳ್ಳದ ಒಣ ಬೀಜವನ್ನು ಎಣ್ಣೆಯಲ್ಲಿ ಕಲಸಿ ಕುಳದ ಮೇಲೆ ಸುರಿಯಬೇಕು. ಕೂಡಲೇ ತಳಕ್ಕೆ ತೂತು ಮಾಡಿದ ಗಡಿಗೆಯನ್ನು ಮೇಲೆ ಬೋರಲು ಹಾಕಿ, ತೂತಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು ಸಿಕ್ಕಿಸಬೇಕು. ನೋವಿದ್ದವರು ಆ ದಂಟಿಗೆ ಬಾಯಿ ಕೊಟ್ಟು ಕೂಡುತ್ತಾರೆ. ತಲೆಯ ಮೇಲೆ ಕೌದಿ ಹೊದಿಸುತ್ತೇವೆ. ಒಳಗೆ ಬೀಜ ಚಟಪಟ ಸಿಡಿಯುತ್ತದೆ. ಹೊಗೆ ಹೋಗಿ ಹಲ್ಲಿಗೆ ತಟ್ಟುತ್ತದೆ, ಜೊಲ್ಲು ಸುರಿಯುತ್ತದೆ, ನೋವು ಮರಗಟ್ಟುತ್ತದೆ. ಆಮೇಲೆ ಗಡಿಗೆ ಎತ್ತಿದರೆ ಬೋಗುಣಿಯ ನೀರಿನಲ್ಲಿ ಸಣ್ಣ ಸಣ್ಣ ಬಿಳಿಯ ಹುಳಗಳು, ಕೊಂಕಿಕೊಂಡು ಬಿದ್ದಿರುತ್ತವೆ. ಹಲ್ಲಿನೊಳಗಿನ ಹುಳ. ನೋಡಿದವರು ಮೈ ನಡುಗಿಸಿ, ಕೈ ಮುಗಿದು ಹೋಗುತ್ತಾರೆ. ರೊಕ್ಕ ಮುಟ್ಟುವಂತಿಲ್ಲ. ಒಂದು ತೆಂಗಿನಕಾಯಿ, ಅಡಿಕೆ, ಅಷ್ಟೇ.

ನಾನು ನಾಲ್ಕನೆಯ ಇಯತ್ತೆ ಓದಿ ಬಿಟ್ಟವಳು. ಮದುವೆಯಾಗಿ ಜೇವರ್ಗಿ ಕಡೆಗೆ ಹೋಗಿ, ಮಕ್ಕಳಾಗಲಿಲ್ಲವೆಂದು ಅಲ್ಲಿ ನಡೆಯದೆ ತಿರುಗಿ ಬಂದವಳು. ತಮ್ಮ ಶರಣಪ್ಪ ಒಂದು ಮಾತು ಆಡದೆ ಒಳಗೆ ಕರೆದುಕೊಂಡ. ಆದರೂ ತಿರುಗಿ ಬಂದ ಹೆಣ್ಣಿಗೆ ತವರಿನಲ್ಲಿ ಕೂಡುವ ಜಾಗ ಯಾವುದು ಎಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಅವ್ವ ತೀರಿಕೊಂಡ ಮೇಲೆ ಹೊಗೆ ಹಾಕುವುದು ನನಗೆ ಬಂತು. ಅಂದಿನಿಂದ ನಾನು ಹೊರೆ ಅಲ್ಲ, ಹೊಗೆ ಹಾಕುವ ನೀಲಕ್ಕ. ಆದಿತ್ಯವಾರ ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಗಲ್ಲಕ್ಕೆ ಟವೆಲ್ ಸುತ್ತಿಕೊಂಡ ಜನ ಕೂತಿರುತ್ತಿದ್ದರು. ಶರಣುವಿನ ಹೆಂಡತಿ ಸಾವಿತ್ರಿ ಅವರಿಗೆ ಚಹಾ ಕೊಡುತ್ತಿದ್ದಳು. ನನ್ನನ್ನು ಅಕ್ಕಾರ ಎಂದು ಕರೆಯುವಾಗ ಆಕೆಯ ದನಿಯಲ್ಲಿ ನಿಜವಾದ ಮರ್ಯಾದೆ ಇರುತ್ತಿತ್ತು.

ನಾನು ಹೇಳಬೇಕಾದದ್ದು ಹೊಳೆ ತುಂಬಿ ಬಂದ ಒಂದು ವರ್ಷದ ಸಂಗತಿ.

ಆ ವರ್ಷ ನಮ್ಮಲ್ಲಿ ಮಳೆ ಅಷ್ಟಕ್ಕಷ್ಟೇ. ಮೇಲೆ ಮಹಾರಾಷ್ಟ್ರದಲ್ಲಿ ಬಿದ್ದ ಮಳೆಯ ನೀರು ಬಿಟ್ಟರು. ಭೀಮೆ ಎರಡೂ ದಂಡೆ ನುಂಗಿ ನಿಂತಳು. ಶರಣು ಮತ್ತು ಪಕ್ಕದ ಮನೆಯ ಮಹಿಬೂಬ ಸೇರಿ ಮೋಟರ್ ಕೆಲಸ ಮಾಡುತ್ತಿದ್ದರು. ಹೊಳೆ ಏರಿದಾಗ ದಂಡೆಯ ಪಂಪುಗಳನ್ನು ಹಗ್ಗ ಕಟ್ಟಿ ಮೇಲೆಳೆಯುವುದು, ಇಳಿದಾಗ ಕೆಸರು ತೊಳೆದು ಮತ್ತೆ ಕೂಡಿಸುವುದು. ಇಬ್ಬರೂ ಎದೆಮಟ ನೀರಿನಲ್ಲಿ ನಿಂತು ಬಾಯಿಗೆ ಗುಟ್ಕಾ ಒಗೆದುಕೊಂಡು ದುಡಿಯುತ್ತಿದ್ದರು. ನೀರು ಇಳಿದಾಗ ದಂಡೆಯ ತುಂಬ ಕಪ್ಪು ರಾಡಿ. ಗಿಡಗಂಟಿ ಎಲ್ಲ ಕೊಚ್ಚಿಹೋಗಿತ್ತು. ಜನ ಬಿಳಿಜೋಳ ಬಿತ್ತಿದರು. ಆ ಜೋಳದ ಮೊಳಕೆಯ ಜೊತೆಗೇ ನೆಲಗುಳ್ಳವೂ ಎದ್ದಿತು.

ಅದೇ ದಿನಗಳಲ್ಲಿ ಒಂದು ಆದಿತ್ಯವಾರ ಆಳಂದ ಕಡೆಯ ಒಬ್ಬ ಹೆಂಗಸು ಬಂದಿದ್ದಳು. ಹೊಳೆ ನೀರಿಗೆ ರಸ್ತೆ ಕೆಟ್ಟು ಬಸ್ಸುಗಳು ಹೊತ್ತಿಲ್ಲದ ಹೊತ್ತಿಗೆ ಬರುತ್ತಿದ್ದವು. ನಾನು ಕುಳ ಕಾಸಿ ಕಲ್ಲಿನ ಮೇಲೆ ಇಟ್ಟು, ಬೀಜ ಸುರಿದು, ಗಡಿಗೆ ಮುಚ್ಚಿದೆ. ಆಕೆ ಇನ್ನೂ ದಂಟಿಗೆ ಬಾಯಿ ಕೊಟ್ಟಿರಲಿಲ್ಲ, ಅಷ್ಟರಲ್ಲಿ ಕ್ರಾಸಿನಲ್ಲಿ ಬಸ್ಸಿನ ಹಾರ್ನು ಕೇಳಿತು.

"ಅಯ್ಯ, ಬಸ್ ಬಂತ್ರಿ ಯಕ್ಕಾ. ಇದು ತಪ್ಪಿದ್ರ ನಮ್ಮ ಮನಿಯವರು ನನ್ನ ಹಲ್ಲು ಅವರ ಉದುರಸ್ತಾರ," ಎಂದು ಆಕೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಗೆ ಸುಮ್ಮನೆ ದಂಟಿನಿಂದ ಮೇಲೇರಿ ಹೋಯಿತು. ಕಟ್ಟೆಯ ಜನ ಆಕೆ ಓಡುವುದನ್ನೇ ನೋಡುತ್ತಿದ್ದಾಗ ನಾನು ಬೋಗುಣಿ ಚೆಲ್ಲಲೆಂದು ಒಳಗೆ ಒಯ್ದು ಗಡಿಗೆ ಎತ್ತಿದೆ.

ನೀರಿನಲ್ಲಿ ಹುಳಗಳಿದ್ದವು.

ಯಾವಾಗಲೂ ಇರುವಷ್ಟೇ. ಹಾಗೆಯೇ ಬಿಳಿ, ಹಾಗೆಯೇ ಕೊಂಕಿ. ಒಂದನ್ನು ಉಗುರಿನ ಮೇಲೆ ಎತ್ತಿಕೊಂಡು ಕಿಟಕಿಯ ಬಳಿ ಹಿಡಿದೆ. ಬಾಲಕ್ಕೆ ಬೀಜದ ಸಿಪ್ಪೆ ಅಂಟಿಕೊಂಡಿತ್ತು. ಹೆಸರುಕಾಳು ನೆನೆಹಾಕಿ ಕಟ್ಟಿಟ್ಟರೆ ಹೊರಗೆ ಬರುತ್ತದಲ್ಲ, ಅದೇ. ಬೀಜದೊಳಗಿನ ಮೊಳಕೆ. ಕಾವಿಗೆ ಬೀಜ ಒಡೆದು ಅದು ಹಾರಿ ನೀರಿಗೆ ಬೀಳುತ್ತಿತ್ತು. ಹಲ್ಲಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇದನ್ನು ತಿಳಿಯಲು ಓದು ಬೇಕಾಗಲಿಲ್ಲ. ಮರುದಿನ ಯಾರೂ ಇಲ್ಲದಾಗ ಮತ್ತೊಮ್ಮೆ ಕುಳ ಕಾಸಿ ನೋಡಿದೆ. ಮತ್ತೆ ಬಿದ್ದವು. ನೀರನ್ನು ಹಿತ್ತಲಿಗೆ ಚೆಲ್ಲಿ ಮಣ್ಣು ಎಳೆದೆ. ಅವ್ವನಿಗೆ ಇದು ಗೊತ್ತಿತ್ತೇ ಎಂದು ಬಹಳ ಯೋಚಿಸಿದೆ. ಈಗಲೂ ಯೋಚಿಸುತ್ತೇನೆ. ಗೊತ್ತಿರಲಿಲ್ಲ ಅಂದುಕೊಂಡರೆ ಆಕೆ ಮೋಸ ಹೋದವಳು, ಗೊತ್ತಿತ್ತು ಅಂದುಕೊಂಡರೆ ನಾನೊಬ್ಬಳೇ ಅಲ್ಲ. ದಿನಕ್ಕೊಂದು ಕಡೆ ವಾಲುತ್ತೇನೆ.

ಮುಂದಿನ ಆದಿತ್ಯವಾರ ಕಟ್ಟೆಯ ಮೇಲೆ ಜನ ಬಂದು ಕೂತರು. ನಾನು ಕುಳ ಕಾಸಿದೆ. ನೋವು ಕಡಿಮೆಯಾಗುವುದಂತೂ ಖರೆ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಹುಳ ತೋರಿಸದಿದ್ದರೆ ಜನ ನಂಬುವುದಿಲ್ಲ, ನಂಬದಿದ್ದರೆ ನೋವು ಹೋಗುವುದಿಲ್ಲ ಎಂದೂ ಹೇಳಿಕೊಂಡೆ. ಸಾವಿತ್ರಿ ಚಹಾ ತಂದಳು. ಯಾರೋ ಕಾಲು ಮುಟ್ಟಿದರು. ಅಲ್ಲಿಗೆ ಮುಗಿಯಿತು.

ತೊಗರಿ ಕೊಯ್ಯುವ ಹೊತ್ತಿಗೆ ಶರಣು ಒಂದೇ ಕಡೆ ಅಗಿಯಲು ಶುರು ಮಾಡಿದ್ದ. ಎಡಗಡೆಯ ದವಡೆ ಹಲ್ಲು ಎಂದ. ನಾನು ಹೊಗೆ ಹಾಕಿದೆ. ಆರಾಮಾಯಿತು ಎಂದ. ಕೆಲವು ದಿನ ಬಿಟ್ಟು ಮತ್ತೆ ಕೇಳಿದ. ಮತ್ತೆ ಹಾಕಿದೆ. ಬೋಗುಣಿಯನ್ನು ತಾನೇ ಎತ್ತಿ ಓಣಿಯ ತುಂಬ ತೋರಿಸಿಕೊಂಡು ಬಂದ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತೆವು. ಜೋಳ ಎದೆಯುದ್ದ ಬಂದಿತ್ತು, ರಾಡಿ ಮಣ್ಣಿನ ಸೊಕ್ಕಿಗೆ ಕಪ್ಪಗೆ ಹಸಿರು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಬಡಿಸಿದ್ದೆವು. ಮಹಿಬೂಬನನ್ನೂ ಕರೆದಿದ್ದೆವು. ಶರಣು ರೊಟ್ಟಿಯನ್ನು ಅಂಬಲಿಯಲ್ಲಿ ನೆನೆಸಿ ಕೂತಿದ್ದ.

"ಏ ಶರಣೂ, ಕಡಬು ಹಂಗ ಉಳಸೀಯಲ್ಲೋ. ಹೆಂಡತಿ ಕೈಯಿಂದು ಸೇರವಲ್ದೇನು?" ಎಂದ ಮಹಿಬೂಬ.

"ನಿಮ್ಮ ಮನಿ ಬಿರಿಯಾನಿ ಅಂದ್ರ ಸೇರತದ ನನಗ."

"ಹೌದಪ್ಪ, ಈದಿನ ದಿನ ಮಗನಿಗಿ ಹಲ್ಲು ಬ್ಯಾನಿನೂ ಇರೂದಿಲ್ಲ, ಸೋಮವಾರನೂ ಇರೂದಿಲ್ಲ."

ಶರಣು ನಗಲು ಹೋಗಿ ಗಲ್ಲ ಹಿಡಿದುಕೊಂಡ. ಎದ್ದು ಬದುವಿನ ಆಚೆ ಹೋಗಿ ಉಗುಳಿದ. ಸಾವಿತ್ರಿ ಬುಟ್ಟಿ ಕಟ್ಟುವುದನ್ನು ಬಿಟ್ಟು ಅವನ ಬೆನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಆಕೆ ನನ್ನ ಎದುರು ಬಂದು ನಿಂತಳು. ಶರಣು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಹೊಗೆ ತೆಗೆದುಕೊಂಡಿದ್ದ.

"ಅಕ್ಕಾರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇವರಿಗಿ ಒಮ್ಮೆ ದವಾಖಾನಿಗಿ ತೋರಸೂಣ್ರಿ."

"ಯಾಕ, ನಾ ಹಾಕೂ ಹೊಗಿ ಸಾಕಾಗವಲ್ದೇನು?"

"ಹಂಗಲ್ರಿ. ಮೊಬೈಲ್ ಬೆಳಕು ಹಿಡದು ನೋಡೇನಿ ನಾ. ಹಲ್ಲಿನ ಬಾಜೂಕ ಬೆಳ್ಳಗ ಗಾಯ ಆಗ್ಯದ. ಮುಟ್ಟಿದ್ರ ಗಟ್ಟಿ ಹತ್ತತದ. ಹಲ್ಲಿಂದು ಅನಸವಲ್ದು ನನಗ."

ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೌದು, ಕರೆದುಕೊಂಡು ಹೋಗು. ಹುಳದ ವಿಷಯ ಬಿಚ್ಚಬೇಕಾಗಿಯೂ ಇರಲಿಲ್ಲ. ಆದರೆ ಅಂಗಳದಲ್ಲಿ ಶರಣು ಕೈ ನಿಲ್ಲಿಸಿ ಕೇಳುತ್ತಿದ್ದ. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ತಮ್ಮನಿಗೇ ಗುಣ ಮಾಡಲಾಗಲಿಲ್ಲ ನೀಲಕ್ಕನಿಗೆ ಎಂಬ ಮಾತು ಊರು ದಾಟಿ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಒಳಗೆ ಹೋಗಿ ಬೋಗುಣಿ ತಂದೆ. ಆಕೆಯ ಮುಖದ ಕೆಳಗೆ ಹಿಡಿದೆ.

"ಹಂಗಾರ ಇವು ಎಲ್ಲಿಂದ ಬಂದ್ವು ಹೇಳು ಸಾವಿತ್ರೀ. ನಿಮ್ಮ ದವಾಖಾನಿಯವರು ಇಷ್ಟು ಹುಳ ತಗೀತಾರೇನು? ಹುಳ ಒಳಗ ಇಟಗೊಂಡು ಔಷಧ ಕೊಟ್ರ ಗಾಯ ಮಾಯತದೇನು?"

ಆಕೆ ಬೋಗುಣಿ ನೋಡಿ ಹಿಂದೆ ಸರಿದಳು. ಶರಣು ಅಲ್ಲಿಂದಲೇ, "ಕೇಳ್ಸಿತಿಲ್ಲ ಬೇ? ಸುಮ್ನ ಒಳಗ ನಡಿ. ಮನ್ಯಾಗ ಔಷಧ ಇಟಗೊಂಡು ಊರ ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ," ಎಂದ.

ಸಾವಿತ್ರಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಕಟ್ಟೆಯ ಹೆಂಗಸರು ನನ್ನನ್ನು ನೋಡಿ ತಲೆ ಆಡಿಸಿದರು. ನಾನು ಗೆದ್ದಿದ್ದೆ. ಆ ಗೆಲುವಿನ ದಣಿವು ಇನ್ನೂ ನನ್ನ ಮೈಯಿಂದ ಇಳಿದಿಲ್ಲ.

ಅಲ್ಲಿಂದ ಮುಂದಿನದು ಉದ್ದ ಅನಿಸಿತ್ತು, ನೆನೆದರೆ ಚಿಕ್ಕದು. ಸಂಕ್ರಾಂತಿಗೆ ಗಲ್ಲ ಬಾತಿತು. ನಾನು ಹೊಗೆ ಹೆಚ್ಚಿಸಿದೆ. ಬಿಸಿ ಹೊಗೆ ತಾಗಿ ತಾಗಿ ತುಟಿಯ ಅಂಚು ಸುಟ್ಟು ಕಪ್ಪಾಯಿತು. ಹೊಗೆ ಹಾಕಿದ ಮೇಲೆ ಸ್ವಲ್ಪ ಹೊತ್ತು ನಿದ್ದೆ ಮಾಡುತ್ತಿದ್ದ. ಆ ನಿದ್ದೆಯನ್ನು ನೋಡುತ್ತ ಕೂತು, ಗುಣವಾಗುತ್ತಿದೆ ಎಂದು ನಂಬಲು ಯತ್ನಿಸುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಬಾಯಿಗೆ ಎರಡು ಬೆರಳು ಹೋಗದಷ್ಟು ದವಡೆ ಬಿಗಿಯಿತು. ಜೋಳದ ರಾಶಿ ನಡೆದಿತ್ತು. ಒಮ್ಮೆ ಒಬ್ಬನೇ ಮೋಟರ್ ಎತ್ತಿದ್ದವನು ಕಣದ ಪಕ್ಕ ಟವೆಲ್ ಮುಚ್ಚಿಕೊಂಡು ಕೂತಿರುತ್ತಿದ್ದ. ಸಾವಿತ್ರಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

ಒಂದು ಬೆಳಗ್ಗೆ ಮಹಿಬೂಬ ಹಗ್ಗ ಕೇಳಲು ಬಂದ. ಶರಣು ಆಗತಾನೆ ಕೌದಿಯಿಂದ ತಲೆ ಹೊರಗೆ ತೆಗೆದಿದ್ದ. ನಾನು ಗಡಿಗೆ ಎತ್ತಿದೆ. ದಂಟಿನಿಂದ ಇಳಿದ ಜೊಲ್ಲಿಗೆ ನೀರು ಕೆಂಪಾಗಿತ್ತು.

ಮಹಿಬೂಬ ಬಗ್ಗಿ ನೋಡಿದ. ಶರಣುವಿನ ಮುಖವನ್ನೂ ನೋಡಿದ. ಆಮೇಲೆ ಮೆಲ್ಲಗೆ ನನಗೆ ಹೇಳಿದ, "ಅಕ್ಕಾ, ಮಾಫ್ ಮಾಡು. ಇದು ಹುಳದ ಮಾತಲ್ಲ. ಮಾಮಾನ ಕ್ರೂಸರ್ ಗಾಡಿ ತರತೇನಿ. ಸೋಲಾಪುರಕ್ಕ ಹೋಗೂಣು."

"ನಾಳಿಗಿ ನೋಡೂಣೇನೋ," ಎಂದೆ. ಹೌದು, ಆಗಲೂ ಹಾಗೆಂದೆ.

"ಇಲ್ಲಕ್ಕ, ಈಗ," ಎಂದು ಅವನು ಹೊರಟೇ ಹೋದ.

ಸೋಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬಾಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಲಿಲ್ಲ. ನೋಡಿದ ಕೂಡಲೇ ಅವರಿಗೆ ತಿಳಿದಂತೆ ಇತ್ತು. ಅವರಿಗೆ ಕನ್ನಡ ಬರುತ್ತಿತ್ತು.

"ಇಷ್ಟು ದಿನ ಎಲ್ಲಿದ್ರಿ?"

ಶರಣು ಬಿಗಿದ ಬಾಯಿಯಿಂದಲೇ, "ಅಕ್ಕನ ಔಷಧ ನಡದಿತ್ರಿ," ಎಂದ. ದೂರಾಗಿ ಅಲ್ಲ, ಹೆಮ್ಮೆಯಿಂದಲೇ ಅಂದದ್ದು.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಅವಸರದಲ್ಲಿ, "ಗುಟ್ಕಾ ತಿಂತಾನ್ರಿ ಇವ. ಎಷ್ಟು ಹೇಳಿದ್ರೂ ಕೇಳೂದಿಲ್ರಿ," ಎಂದೆ. ಅದು ಸುಳ್ಳಲ್ಲ. ಅವರು ಹೌದೆಂದು ತಲೆ ಆಡಿಸಿ ಬರೆದುಕೊಳ್ಳತೊಡಗಿದರು. ಸಾವಿತ್ರಿ ಗೋಡೆಗೆ ಆತು ನಿಂತು ನನ್ನನ್ನೇ ನೋಡುತ್ತಿದ್ದಳು. ಡಾಕ್ಟರು ಆಕೆಗೆ ಒಂದು ಮಾತು ಹೇಳಿದರು: ಗಾಯ ಬೆಳ್ಳಗಿದ್ದಾಗ ಬಂದಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು.

ಎಡಗಡೆಯ ಅರ್ಧ ದವಡೆ ತೆಗೆದರು. ಎದೆಯಿಂದ ಮಾಂಸ ತೆಗೆದು ಗಲ್ಲಕ್ಕೆ ಹೊಲಿದರು. ಆಮೇಲೆ ಕರೆಂಟು ಕೊಟ್ಟರು. ಹಾಗೆ ಕರೆಯುತ್ತಿದ್ದರು ಅಲ್ಲಿ, ಗಲ್ಲ ಸುಟ್ಟು ಕಪ್ಪಾಗುವ ಚಿಕಿತ್ಸೆ ಅದು. ಯುಗಾದಿ ಅಲ್ಲಿಯೇ ಕಳೆಯಿತು. ಶರಣು ಉಳಿದ.

ಉಳಿದದ್ದು ಹೇಗೆಂದರೆ, ಮಾತು ತೊಯ್ದ ಬಟ್ಟೆಯಂತೆ ಜೋತು ಬೀಳುತ್ತದೆ, ಕಿವಿಗೊಟ್ಟು ಕೇಳಿದವರಿಗಷ್ಟೇ ತಿಳಿಯುತ್ತದೆ. ರೊಟ್ಟಿ ಇಲ್ಲ. ಗಂಜಿ, ಹಾಲು, ಕಿವುಚಿದ ಬಾಳೆಹಣ್ಣು. ಮೋಟರ್ ಎಳೆಯುವ ತೋಳು ಮೇಲೇಳುವುದಿಲ್ಲ. ಹೊರಗೆ ಹೋಗುವಾಗ ಬೇಸಿಗೆಯಲ್ಲೂ ಮುಖಕ್ಕೆ ಮಫ್ಲರ್ ಸುತ್ತಿಕೊಳ್ಳುತ್ತಾನೆ.

ಊರ ಮಂದಿ ಸಾವಿತ್ರಿಯನ್ನು ಅಂದರು. "ದವಾಖಾನಿ ದವಾಖಾನಿ ಅಂತ ಬಾಯಿ ಬಿಟ್ಟಳು, ದವಾಖಾನಿನ ಕರಕೊಂಡು ಬಂದಳು." ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಶರಣು ಬಂದವರಿಗೆಲ್ಲ ಹೇಳುತ್ತಿದ್ದ, ಅಷ್ಟು ಹುಳ ಅಕ್ಕ ಮೊದಲೇ ತೆಗೆಯದೆ ಹೋಗಿದ್ದರೆ ತಾನು ಸೋಲಾಪುರ ಮುಟ್ಟುತ್ತಿರಲಿಲ್ಲ ಎಂದು. ಹೇಳುವಾಗ ಅವನ ಹೊಲಿದ ಗಲ್ಲ ಎಳೆಯುತ್ತಿತ್ತು. ನಾನು ಆ ಮನೆಯಲ್ಲಿ ನಿಲ್ಲಲಾರದೆ ಜೇವರ್ಗಿಗೆ ಹೋಗಿ ಒಂದು ಹಾಸ್ಟೆಲ್ಲಿನ ಅಡಿಗೆ ಕೆಲಸಕ್ಕೆ ಸೇರಿದೆ. ಅಲ್ಲಿ ದೊಡ್ಡ ಪಾತ್ರೆ, ದೊಡ್ಡ ಒಲೆ, ಹೊತ್ತಿಗೆ ಸರಿಯಾಗಿ ಅನ್ನ ಬೇಯಬೇಕು. ಯೋಚಿಸಲು ಬಿಡುವಿಲ್ಲ. ಹೊಗೆ ಹಾಕುವುದನ್ನು ಬಿಟ್ಟೆ. ಯಾಕೆ ಎಂದು ಕೇಳಿದರೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆ. ವರ್ಷಗಳು ಹೀಗೆ ಹೋದವು.

ಈ ಸಲ ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ ಉಟ್ಟು ತಮ್ಮನ ಮಗಳು ಕೂತಿದ್ದಳು, ಹೆಂಗಸರು ಹಾಡಿದರು, ಉಂಡರು, ಹೋದರು. ಮರುದಿನ ಬೆಳಗ್ಗೆ ನಾನು ಚೀಲ ಕಟ್ಟುತ್ತಿದ್ದೆ. ನಾನು ಬಂದ ಸುದ್ದಿ ಕೇಳಿ ಪಕ್ಕದ ಊರಿನ ಒಬ್ಬ ಹೆಂಗಸು ಕಟ್ಟೆಯ ಮೇಲೆ ಬಂದು ಕೂತಿದ್ದಳು. ಗಲ್ಲಕ್ಕೆ ಸೆರಗು ಒತ್ತಿಕೊಂಡಿದ್ದಳು. ಪಕ್ಕದಲ್ಲಿ ತೆಂಗಿನಕಾಯಿ.

ಶರಣು ಒಳಗೆ ಬಂದ. ಅವನ ಮುಖದಲ್ಲಿ ಏನೋ ಹುರುಪು ಇತ್ತು. ಬಹಳ ದಿನಕ್ಕೆ ಅವನಿಗೆ ಮಾಡಲು ಒಂದು ಕೆಲಸ ಸಿಕ್ಕಂತೆ.

"ಅಕ್ಕ, ಪಾಪ, ದೂರದಿಂದ ಬಂದಾಳ. ಅವ್ವನ ಗಡಿಗ್ಯಾಗ ಬೀಜ ಇನ್ನೂ ಅದಾವ. ಕುಳ ನಾ ಕಾಸತೇನಿ. ಇದೊಂದ ಸಲ ಹಾಕು."

"ಕುಂದರು ಶರಣೂ," ಎಂದೆ.

"ಆಕಿ ಕಾಯಾಕತ್ತಾಳ."

"ಕುಂದರು."

ಅವನು ಜೋಳದ ಚೀಲದ ಮೇಲೆ ಕೂತ. ಎಲ್ಲವನ್ನೂ ಹೇಳಿದೆ. ಬಸ್ಸು ತಪ್ಪುತ್ತದೆಂದು ಓಡಿಹೋದ ಹೆಂಗಸು, ಉಗುರಿನ ಮೇಲೆ ಎತ್ತಿ ನೋಡಿದ್ದು, ಮತ್ತೆ ಒಬ್ಬಳೇ ಕಾಸಿ ನೋಡಿದ್ದು. ಅವು ಹುಳ ಅಲ್ಲ, ಬೀಜದ ಮೊಳಕೆ ಎಂದೆ. ಅವನು ಮೊದಲು ನಂಬಲಿಲ್ಲ. ಹುಚ್ಚಿ ಎಂಬಂತೆ ನೋಡಿದ. ಆಮೇಲೆ ಕೇಳಿದ, "ಯಾವಾಗ ಗೊತ್ತಾತು?"

"ನಿನಗ ಬ್ಯಾನಿ ಬರೂಕಿಂತ ಮದಲ."

ಅವನು ಮಫ್ಲರನ್ನು ಗಲ್ಲದಿಂದ ಬಿಚ್ಚಿ ಮತ್ತೆ ಸುತ್ತಿಕೊಂಡ. ಮತ್ತೆ ಬಿಚ್ಚಿದ. ಬೈಯಲಿ ಎಂದು ಕಾದೆ. ಬೈಗುಳಕ್ಕೆ ಬೇಕಾದಷ್ಟು ಬಾಯಿಯೂ ಅವನಲ್ಲಿ ಉಳಿದಿಲ್ಲ ಎಂಬುದು ಆಗ ನೆನಪಾಯಿತು.

"ಓಣಿ ತುಂಬ ತೋರಿಸಿ ಬಂದೆನಲ್ಲ ನಾ," ಎಂದ. ಆಮೇಲೆ ಒಲೆಯ ಕಡೆ ಕೈ ಮಾಡಿ, "ನನ್ನ ಮುಂದ ಯಾಕ ಹೇಳತಿ. ಆಕಿ ಮುಂದ ಹೇಳು," ಎಂದ. ಎದ್ದು ಹಿತ್ತಲಿಗೆ ಹೋದ.

ಸಾವಿತ್ರಿ ರೊಟ್ಟಿ ಬಡಿಯುತ್ತಿದ್ದಳು. ನಡುವಿನ ಗೋಡೆ ಅಷ್ಟು ಎತ್ತರದ್ದಲ್ಲ, ಎಲ್ಲ ಕೇಳಿಸಿರಬೇಕು. ಆದರೂ ನಾನು ಎದುರಿಗೆ ಕೂತು ಮತ್ತೆ ಮೊದಲಿನಿಂದ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ. ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು.

"ಬೋಗಾಣಿ ನನ್ನ ಮಾರಿ ಕೆಳಗ ಹಿಡದ್ರಲ್ಲ, ಆವತ್ತು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಆಕೆ ರೊಟ್ಟಿ ತಿರುವಿ ಹಾಕಿದಳು.

"ಇಷ್ಟು ವರ್ಷ ಆ ಹುಳಕ್ಕ ಅಂಜೇನ್ರಿ ನಾ. ಹುಡುಗಿ ಸಣ್ಣಾಕಿದ್ದಾಗ ಹಲ್ಲು ಬ್ಯಾನಿ ಅಂದ್ರ ಸಾಕು, ಬಾಯಾಗ ಬಟ್ಟಿ ಸುತ್ತಿದ ಬೆರಳು ಹಾಕಿ ಹುಳ ಹುಡಕೇನಿ. ಅಕಿ ಅಳತಿದ್ದಳು. ನಾ ಬಿಡತಿದ್ದಿಲ್ಲ."

ತಪ್ಪಾಯಿತು ಎಂದೆ. ಆ ಮಾತು ಹೊಗೆಯಲ್ಲಿ ಅಲ್ಲೇ ಹೋಯಿತು. ಆಕೆ ಅದನ್ನು ತೆಗೆದುಕೊಳ್ಳಲಿಲ್ಲ, ತಿರುಗಿ ಕೊಡಲೂ ಇಲ್ಲ.

"ಕಟ್ಟಿ ಮ್ಯಾಲ ಕುಂತಾಕಿಗಿ ಹೋಗಿ ಹೇಳ್ರಿ ಅಕ್ಕಾರ," ಎಂದಳು. "ನೀವ ಹೇಳ್ರಿ. ನಾ ಹೇಳಿದ್ರ ಆವತ್ತೂ ಯಾರೂ ಕೇಳಲಿಲ್ಲ."

ಹೋದೆ. ಆ ಹೆಂಗಸು ಕೂಡಲೇ ತೆಂಗಿನಕಾಯಿಯನ್ನು ನನ್ನ ಕಡೆ ಸರಿಸಿದಳು. ನಾನು ಅದನ್ನು ತಿರುಗಿ ಅವಳ ಮಡಿಲಿನಲ್ಲಿ ಇಟ್ಟೆ. ಅವಳ ಮುಖ ಸಣ್ಣದಾಯಿತು.

"ಯಾಕ್ರಿ ಯಕ್ಕಾ, ನಮ್ಮಂಥವರಿಗಿ ಹಾಕೂದಿಲ್ಲೇನ್ರಿ?"

"ಹಂಗಲ್ಲ ತಂಗೀ. ಯಾರಿಗೂ ಹಾಕೂದಿಲ್ಲ. ಹೊಗ್ಯಾಗ ಏನೂ ಇಲ್ಲ. ಹುಳ ಅನ್ನೂದು ಸುಳ್ಳು."

"ನಮ್ಮವ್ವಗ ನೀವ ತಗದಿದ್ರಿ. ನಾ ಕಣ್ಣಲೆ ನೋಡೇನಿ."

"ಅದನ್ನ ಹೇಳತೇನಿ. ಮದಲ ಬಾಯಿ ತೆರಿ."

ಅವಳ ಗದ್ದ ಹಿಡಿದು ಮುಖವನ್ನು ಬಿಸಿಲಿನ ಕಡೆ ತಿರುಗಿಸಿದೆ. ಎಷ್ಟೋ ಜನರ ತಲೆಯ ಮೇಲೆ ಕೌದಿ ಹೊದಿಸಿದ್ದೆ. ಒಬ್ಬರ ಬಾಯನ್ನೂ, ನನ್ನ ತಮ್ಮನ ಬಾಯನ್ನೂ, ನಾನು ಹೀಗೆ ಬೆಳಕಿನಲ್ಲಿ ನೋಡಿರಲಿಲ್ಲ. ಹಿಂದಿನ ಹಲ್ಲಿನ ಹತ್ತಿರ ಕೆಂಪಗೆ ಏನೋ ಕಂಡಿತು. ಹಲ್ಲಿನದೋ, ಬೇರೆಯದೋ, ನನಗೆ ತಿಳಿಯಲಿಲ್ಲ.

"ಏನದ ಯಕ್ಕಾ?" ಎಂದು ಅವಳು ತೆರೆದ ಬಾಯಿಯಲ್ಲೇ ಕೇಳಿದಳು.

"ನನಗ ಗೊತ್ತಿಲ್ಲ ತಂಗೀ," ಎಂದೆ.